ಅತ್ತೆಯವರು ಕಾದಂಬರಿ ಬಿಟ್ಟ ಮಳೆಗಾಲ

ಹೋದ ವಾರ ಕಪಾಟಿನ ಮೇಲಿನ ಅರೆಯಿಂದ ಹಳೆಯ ಪುಸ್ತಕವೊಂದನ್ನು ಇಳಿಸಿ ಧೂಳು ಕೊಡವುತ್ತಿದ್ದೆ. ಒಳಗಿನಿಂದ ಅಂಗೈಯಗಲದ ಒಣ ತಂಬಾಕಿನ ಎಲೆಯೊಂದು ಜಾರಿ ಸೆರಗಿನ ಮೇಲೆ ಬಿತ್ತು. ಅದನ್ನು ಎತ್ತುವಷ್ಟರಲ್ಲಿ ಸೀನು ಶುರುವಾಯಿತು. ಒಂದಲ್ಲ, ಎರಡಲ್ಲ. ಹೊರಗಿನ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ ನನ್ನ ಯಜಮಾನರು ತಲೆ ಎತ್ತದೆ, "ನಿಪ್ಪಾಣಿ ಪುಸ್ತಕ ತಗದಿ ಕಾಣಸ್ತೈತಿ" ಎಂದರು.

ನನ್ನ ತವರು ನಿಪ್ಪಾಣಿ. ನಮ್ಮಣ್ಣನದು ತಂಬಾಕಿನ ವಖಾರ, ಎಂದರೆ ಗೋದಾಮು. ಬೇರೆಯವರು ಪುಸ್ತಕದಲ್ಲಿ ಬೇವಿನ ಎಲೆ ಇಟ್ಟರೆ ನಾವು ತಂಬಾಕಿನ ಎಲೆ ಇಡುತ್ತಿದ್ದೆವು. ಹುಳು ಹತ್ತಿರ ಸುಳಿಯುತ್ತಿರಲಿಲ್ಲ. ಓದುವವರೂ ಸ್ವಲ್ಪ ಯೋಚಿಸಿಯೇ ಸುಳಿಯುತ್ತಿದ್ದರು ಅನ್ನಿ.

ಪುಸ್ತಕ ಇಳಿಸಿದ್ದಕ್ಕೆ ಕಾರಣವಿತ್ತು. ನನ್ನ ನಾದಿನಿ ಸುನಂದಾಳ ಮಗಳು ತೇಜಾ ಸಾಂಗಲಿಯಲ್ಲಿದ್ದಾಳೆ. ತುಂಬಿದ ಬಸುರಿ, ಹಾಸಿಗೆ ಬಿಟ್ಟು ಏಳಬೇಡ ಎಂದು ಡಾಕ್ಟರು ಹೇಳಿದ್ದಾರೆ. ಫೋನು ಮಾಡಿ, "ಮಾಮಿ, ಮೊಬೈಲ್ ನೋಡಿ ನೋಡಿ ಕಣ್ಣ ಉರಿಯಾಕತ್ತಾವ. ಓದಾಕ ಒಂದ ಚಲೋ ಪುಸ್ತಕ ಹೇಳ್ರಿ" ಅಂದಳು. ನೋಡತೀನಿ ಎಂದು ಫೋನು ಇಟ್ಟವಳು ಬಹಳ ದಿನ ಸುಮ್ಮನೇ ಕೂತಿದ್ದೆ. ಒಂದು ಪುಸ್ತಕ ಹೇಳಲಿಕ್ಕೆ ಇಷ್ಟು ಮೀನಮೇಷವೇ ಎಂದು ನೀವು ಕೇಳಬಹುದು. ನನ್ನ ಕಷ್ಟ ನಿಮಗೆ ತಿಳಿಯಬೇಕಾದರೆ ನಮ್ಮ ಅತ್ತೆಯವರ ಸುದ್ದಿ ಹೇಳಬೇಕು.

ಹೆಣ್ಣು ನೋಡಲು ನಿಪ್ಪಾಣಿಗೆ ಬಂದ ದಿನ ಅವರು ನನಗೆ ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಲಿಲ್ಲ. ಕಿಟಕಿಯಲ್ಲಿ ನಾನು ಅರ್ಧ ಓದಿ ಮಗುಚಿ ಇಟ್ಟಿದ್ದ ಕಾದಂಬರಿಯನ್ನು ಕೈಗೆತ್ತಿಕೊಂಡು, "ಇದು ಮುಗದ ಮ್ಯಾಲ ಯಾರಿಗಿ ಕೊಡತಿ?" ಎಂದು ಕೇಳಿದರು. ನಿಮಗೇ ಕೊಡತೀನ್ರಿ ಎಂದೆ. ಮದುವೆ ಅಲ್ಲಿಗೆ ಗೊತ್ತಾಯಿತು. ನಮ್ಮ ಮಾವನವರು ನನ್ನನ್ನು ಒಪ್ಪಿದರು, ಅತ್ತೆಯವರು ನನ್ನ ಕಪಾಟನ್ನು ಒಪ್ಪಿದರು ಎಂದು ನಮ್ಮಣ್ಣ ಈಗಲೂ ಆಡಿಕೊಳ್ಳುತ್ತಾನೆ.

ರಾಯಬಾಗದ ನಮ್ಮ ಮನೆಯಲ್ಲಿ ಓದಿಗೆ ಹೊತ್ತಿನ ಕೊರತೆ ಇರಲಿಲ್ಲ. ನಾವು ಜೈನರು, ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವವರು. ಊರಿನ ಉಳಿದ ಮನೆಗಳಲ್ಲಿ ಒಲೆ ಹೊತ್ತುವ ಹೊತ್ತಿಗೆ ನಮ್ಮಲ್ಲಿ ಪಾತ್ರೆ ತೊಳೆದು ಬೋರಲು ಹಾಕಿ ಆಗಿರುತ್ತಿತ್ತು. ಮುಂದಿನ ಸಂಜೆಯೆಲ್ಲ ಅತ್ತೆಯವರದು. ಕಾಗವಾಡದ ಕಡೆಯ ಅವರು ಕಲಿತದ್ದು ಮರಾಠಿ ನಾಲ್ಕನೆಯ ಇಯತ್ತೆ. ಕನ್ನಡ ಅಕ್ಷರವನ್ನು ಮದುವೆಯಾದ ಮೇಲೆ ಕಿರಾಣಿ ಪೊಟ್ಟಣದ ಕಾಗದ ಓದಿ ಓದಿ ತಾವೇ ಕಲಿತಿದ್ದರು. ಪತ್ತೇದಾರಿ, ಸಾಂಸಾರಿಕ, ಐತಿಹಾಸಿಕ, ದೆವ್ವದ್ದು, ಯಾವುದೂ ವರ್ಜ್ಯವಲ್ಲ. ದೆವ್ವದ್ದನ್ನು ಮಾತ್ರ ಹಗಲಿನಲ್ಲಿ ಓದುತ್ತಿದ್ದರು.

ಓದಿದ್ದನ್ನು ಓಣಿಯ ಸುದ್ದಿಯ ಹಾಗೆ ಮಾತಾಡುವುದು ಅವರ ಅಭ್ಯಾಸ. ಒಮ್ಮೆ ಬಾವಿಕಟ್ಟೆಯಲ್ಲಿ, "ಶಾಂತಾ ಗಂಡನ್ನ ಬಿಟ್ಟ ಬಂದಾಳ, ಚಲೋ ಮಾಡಿದಳ ಬಿಡು" ಎಂದುಬಿಟ್ಟರು. ಪಕ್ಕದ ಮನೆಯವರಿಗೆ ಶಾಂತಾ ಎಂಬ ಮಗಳಿದ್ದಳು, ಅಥಣಿಗೆ ಕೊಟ್ಟಿದ್ದರು. ಆ ತಾಯಿ ಕೊಡ ಅಲ್ಲಿಯೇ ಬಿಟ್ಟು ಬಸ್‌ ಸ್ಟ್ಯಾಂಡಿಗೆ ಓಡಿದ್ದಳು. ಹಿಂದಕ್ಕೆ ಕರೆತರುವಷ್ಟರಲ್ಲಿ ನನಗೆ ಏದುಸಿರು.

ಇಂಥವರಿಗೆ ಪುಸ್ತಕ ಹೇಳುವ ಕೆಲಸ ನನ್ನದು. ವಾಚನಾಲಯದಿಂದ ತರುವುದು, ಚಿಕ್ಕೋಡಿ ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಳ್ಳುವುದು, ಅಣ್ಣನಿಂದ ತರಿಸುವುದು. ಮನೆಮದ್ದು ಹೇಳುವವರ ಹಾಗೆ ನಾನೂ ಯಾರು ಕೇಳಲಿ ಕೇಳದಿರಲಿ, ಇದನ್ನು ಓದಿ, ಅದನ್ನು ಓದಿ ಎನ್ನುತ್ತಿದ್ದ ಕಾಲ ಅದು. ಸೊಕ್ಕು ಎಂದರೂ ನಡೆಯುತ್ತದೆ.

ತೊಂಬತ್ತರ ದಶಕದ ಮೊದಲಲ್ಲಿ ಒಂದು ಮಳೆಗಾಲ, ನಮ್ಮೂರ ಬಸದಿಗೆ ಮುನಿಮಹಾರಾಜರೊಬ್ಬರು ಚಾತುರ್ಮಾಸಕ್ಕೆ ಬಂದರು. ಮಳೆಗಾಲದ ನಾಲ್ಕು ತಿಂಗಳು ಮುನಿಗಳು ಊರೂರು ತಿರುಗದೆ ಒಂದೇ ಕಡೆ ನಿಲ್ಲುತ್ತಾರೆ. ಊರಿನವರು ಆ ಅವಧಿಗೆ ಅವರ ಮುಂದೆ ಏನಾದರೊಂದು ಬಿಡುವ ನೇಮ ಹಿಡಿಯುತ್ತಾರೆ. ಒಬ್ಬರು ಬೆಲ್ಲ, ಒಬ್ಬರು ಹಾಲು, ಒಬ್ಬರು ಹಸಿರು ತರಕಾರಿ. ನಮ್ಮ ಮಾವನವರು ಎದ್ದು ಹಾಗಲಕಾಯಿ ಬಿಟ್ಟೆ ಎಂದರು. ಅವರು ಹುಟ್ಟಿದಾಗಿನಿಂದ ಹಾಗಲಕಾಯಿ ಮುಟ್ಟಿದವರಲ್ಲ. ಮಹಾರಾಜರು ಸಣ್ಣಗೆ ನಕ್ಕು, "ಜೀವಕ್ಕ ಹತ್ತಿದ್ದ ಬಿಟ್ಟರ ಅದು ನೇಮ" ಎಂದರು.

ಆಗ ಹೆಂಗಸರ ಸಾಲಿನಿಂದ ಅತ್ತೆಯವರು ಎದ್ದರು. "ನಾ ಕಾದಂಬರಿ ಬಿಡತೀನ್ರಿ ಮಹಾರಾಜ. ಕತಿ, ಕಾದಂಬರಿ ಎರಡೂ."

ಬಸದಿಯಲ್ಲಿ ನಗೆ ಎದ್ದಿತು. ನಾನು ನಗಲಿಲ್ಲ. ಅವರು ತಮಾಷೆಗೆ ಹೇಳುತ್ತಿಲ್ಲ ಎಂದು ಪಕ್ಕದಲ್ಲಿ ಕೂತ ನನಗೆ ಗೊತ್ತಾಗಿತ್ತು.

ಮನೆಗೆ ಬರುವಾಗ ದಾರಿಯಲ್ಲಿ ನನಗೊಬ್ಬಳಿಗೇ ಹೇಳಿದರು. ಸುನಂದಾ ಆಗ ಬಸುರಿಯಾಗಿ ತವರಿಗೆ ಬಂದಿದ್ದಳು. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. "ಈ ಸಲರ ಕೂಸು ಸುಸೂತ್ರ ಕೈಗಿ ಬರಲಿ ಅಂತ ಬಿಟ್ಟೀನಿ. ಸುನಂದಾಗ ಹೇಳಬ್ಯಾಡ. ಮತ್ತ ಖರೇ ಪುಸ್ತಕ, ಕತಿ ಅಲ್ಲದ್ದು, ಓದಬಹುದೇನ ಅಂತ ಕೇಳೀನಿ, ಹೂಂ ಅಂದಾರ ಮಹಾರಾಜರು. ನೀ ಖರೇವ ನೋಡಿ ಕೊಡು." ಆ ಕೊನೆಯ ಮಾತಿನೊಂದಿಗೆ ನೇಮದ ಅರ್ಧ ಭಾರ ನನ್ನ ತಲೆಗೆ ಬಂತು.

ಕಾದಂಬರಿ ಬಿಟ್ಟರೆ ಜಗತ್ತಿನಲ್ಲಿ ಎಷ್ಟು ನಮೂನೆಯ ಪುಸ್ತಕಗಳಿವೆ ಎಂದು ನನಗೆ ತಿಳಿದದ್ದು ಆಗ. ಮೊದಲು ಸಿಕ್ಕಿದ್ದು ಮಾವನವರ ದ್ರಾಕ್ಷಿ ಬೆಳೆಯ ಪುಸ್ತಕ. ಅದನ್ನು ಅವರು ಪತ್ತೇದಾರಿಯ ಹಾಗೆ ಓದಿದರು. "ಈ ರೋಗ ನೋಡ, ಎಲಿ ತಳಗ ಕುಂತಿರತೈತಿ, ಮ್ಯಾಲ ನೋಡಿದವರಿಗಿ ಏನೂ ಇಲ್ಲ. ನಿಮ್ಮ ಮಾವನ ತಂಗಿ ಇದ್ದಂಗ." ನಂತರ ಹಿಮಾಲಯದ ಪ್ರವಾಸಕಥನ ಕೊಟ್ಟೆ. ಲೇಖಕರು ಹಿಮದ ಚೆಲುವನ್ನು ಪುಟಗಟ್ಟಲೆ ಬಣ್ಣಿಸಿದ್ದರು. ಅತ್ತೆಯವರಿಗೆ ಅವರು ಬುತ್ತಿ ಏನು ಕಟ್ಟಿಕೊಂಡಿದ್ದರು ಎಂಬುದರ ಚಿಂತೆ. "ಇಷ್ಟ ದಿನಾ ಹೋಗ್ಯಾನ, ಮನ್ಯಾಗಿನ ಹೇಣ್ತಿ ಮಾತ ಒಂದಿಲ್ಲ" ಎಂದು ಸಿಟ್ಟಾದರು. ಒಂದು ರಾಜಮನೆತನದ ಇತಿಹಾಸದ ಬಗ್ಗೆಯೂ ಇದೇ ತಕರಾರು, ಆನೆಗಳಿಗೆ ಹೆಸರಿದೆ, ರಾಣಿಯರಿಗಿಲ್ಲ. ನಕ್ಷತ್ರಗಳ ಪುಸ್ತಕ ಮಾತ್ರ ಬಹಳ ಹಿಡಿಸಿತು. ಕರೆಂಟು ಹೋದಾಗ ಮಾಳಿಗೆ ಏರಿ ನಮಗೆಲ್ಲ ತೋರಿಸುತ್ತಿದ್ದರು. ದನಗಳ ರೋಗ ಮತ್ತು ಉಪಚಾರ ಎಂಬುದನ್ನು ಕೊಟ್ಟದ್ದು ನನ್ನ ದಡ್ಡತನ. ಎಮ್ಮೆಗಳ ಕಷ್ಟದ ಹೆರಿಗೆಯ ಅಧ್ಯಾಯ ಓದಿ ಎರಡು ದಿನ ಸುನಂದಾಳ ಹಿಂದೆಯೇ ಸುತ್ತಿದರು. ಅದನ್ನು ಕದ್ದು ಕೊಟ್ಟಿಗೆಯ ಅಟ್ಟಕ್ಕೆ ಹಾಕಿದೆ.

ಭಾದ್ರಪದ ಬರುವಷ್ಟರಲ್ಲಿ ನನ್ನ ಬತ್ತಳಿಕೆ ಖಾಲಿ. ಅಣ್ಣನಿಗೆ ಹೇಳಿ ಕಳಿಸಿದೆ. ವಖಾರದ ಕಡೆಯವರ ಕೈಯಲ್ಲಿ ಅವನು ಕಂದು ಕಾಗದದ ಹೊದಿಕೆಯ ಒಂದು ದಪ್ಪ ಪುಸ್ತಕ ಕಳಿಸಿದ. ಒಳಗೆ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ, ಹಡಗಿನ ಅಡುಗೆಯವನೊಬ್ಬನ ಆತ್ಮಕಥೆ ಎಂದಿತ್ತು. ಆತ್ಮಕಥೆ ಎಂದಮೇಲೆ ಖರೆಯದೇ ಅಲ್ಲವೇ? ಎರಡು ಪುಟ ತಿರುವಿ, ಎರಡು ಸಲ ಸೀನಿ, ಅತ್ತೆಯವರ ಕೈಗಿಟ್ಟೆ. "ಇದನ್ನ ಬಿಡಬ್ಯಾಡ್ರಿ, ಭಾಳ ಚಲೋ ಐತಿ" ಎಂದು ಜಂಬದಿಂದ ಹೇಳಿದೆ ಕೂಡ.

ಆ ಪುಸ್ತಕ ನಮ್ಮ ಮನೆಯನ್ನೇ ಹಿಡಿದುಕೊಂಡಿತು. ಸಂಜೆ ಅತ್ತೆಯವರು ಗಟ್ಟಿಯಾಗಿ ಓದುವುದು, ನಾನೂ ಸುನಂದಾಳೂ ಶೇಂಗಾ ಸುಲಿಯುತ್ತ ಕೇಳುವುದು. ಹಳ್ಳಿಯ ಒಬ್ಬ ಬಡವ ಹಡಗಿನಲ್ಲಿ ಅಡುಗೆಗೆ ಸೇರುತ್ತಾನೆ. ಹೋಗುವಾಗ ಹೆಂಡತಿಯ ಹೊಟ್ಟೆಯಲ್ಲಿ ಕೂಸು. ಹಡಗು ಒಡೆಯುತ್ತದೆ, ಗುರುತಿಲ್ಲದ ಊರಿಗೆ ಹೋಗುತ್ತಾನೆ, ವರುಷಗಳು ಕಳೆಯುತ್ತವೆ. ಹೆಂಡತಿ ಹಡೆದಳೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಲೆಕ್ಕ ತೆಗೆಯಲು ಕೂತಿದ್ದ ಮಾವನವರೂ ಪಡಸಾಲೆಯಿಂದ, "ಆ ಸಾಲ ಇನ್ನೊಮ್ಮೆ ಓದ" ಎನ್ನುತ್ತಿದ್ದರು. ಕೊನೆಗೆ ಅವನು ತನ್ನ ಊರು ಮುಟ್ಟಿ, ಬಾಗಿಲಲ್ಲಿ ನಿಂತ ಹುಡುಗಿಯನ್ನು ಯಾರು ನೀನು ಎಂದು ಕೇಳುವಲ್ಲಿ ನಾವು ಮೂವರೂ ಹೆಂಗಸರು ಬಿಕ್ಕಿ ಬಿಕ್ಕಿ ಅತ್ತೆವು.

ಸುನಂದಾ ಕಣ್ಣೊರೆಸಿಕೊಂಡು ಮಲಗಲು ಹೋದಳು. ಅತ್ತೆಯವರು ಪುಸ್ತಕವನ್ನು ಪೂರ್ತಿ ಓದುವವರು, ಎಂದರೆ ಅಚ್ಚುಹಾಕಿದವರ ವಿಳಾಸದ ತನಕ. ಕೊನೆಯ ಪುಟ ತಿರುಗಿಸಿದರು. ಅಲ್ಲಿ ಇರುವೆಯಂಥ ಅಕ್ಷರದಲ್ಲಿ ಒಂದು ಸಾಲಿತ್ತು. ಈ ಕಾದಂಬರಿಯಲ್ಲಿ ಬರುವವರೆಲ್ಲ ಕಲ್ಪಿತರು, ಯಾರನ್ನೂ ಹೋಲುವುದಿಲ್ಲ ಎಂದು.

ಅವರು ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದ್ದು ನೇಮದ ಮಾತಲ್ಲ. "ಹಂಗಾರ ಆ ಮನಶಾ ಇಲ್ಲೇ ಇಲ್ಲೇನ? ಇಷ್ಟ ಅತ್ತೇವಿ. ಅವ ಹುಟ್ಟೇ ಇಲ್ಲೇನ?"

ನೇಮದ ನೆನಪು ಅದರ ಬೆನ್ನಿಗೇ ಬಂತು. ಅವರ ಮುಖದ ಬಣ್ಣ ಇಳಿದದ್ದನ್ನು ನಾನು ಈಗಲೂ ಮರೆತಿಲ್ಲ. ಒಳಕೋಣೆಯಲ್ಲಿ ಸುನಂದಾಳ ಬಳೆಯ ಸದ್ದಾದರೆ ಬೆಚ್ಚುತ್ತಿದ್ದರು. ಮರುದಿನ ಊಟಕ್ಕೆ ಕೂರಲಿಲ್ಲ. ಹೊಟ್ಟೆ ಸರಿ ಇಲ್ಲ ಎಂದು ಮಗಳಿಗೆ ಸುಳ್ಳು ಹೇಳಿದರು. ನನ್ನನ್ನು ಒಂದು ಮಾತು ಬೈದಿದ್ದರೆ ಹಗುರವಾಗುತ್ತಿದ್ದೆ. ಬೈಯಲಿಲ್ಲ. ಸುನಂದಾ ಎರಡು ಸಲ ಸೊಂಟ ನೋವು ಎಂದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ನಾನೂ ಅವಳ ಹತ್ತಿರ ಓಡಿದೆ. ಓದಿದವಳು, ಇಂಥದ್ದನ್ನೆಲ್ಲ ನಂಬುವವಳಲ್ಲ ಎಂದು ತಿಳಿದುಕೊಂಡಿದ್ದೆ. ಭಯಕ್ಕೆ ಓದು ಬರಹ ಇರುವುದಿಲ್ಲ.

ಅದರ ಮಾರನೆಯ ಬೆಳಿಗ್ಗೆ ನಾನೇ ಅವರನ್ನು ಬಸದಿಗೆ ಕರೆದುಕೊಂಡು ಹೋದೆ. ಕಂದು ಹೊದಿಕೆಯ ಪುಸ್ತಕವನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಒಯ್ದೆ, ಸಾಕ್ಷಿ ಬೇಕಾದೀತು ಎಂದು. ಮಹಾರಾಜರು ಎಲ್ಲವನ್ನೂ ಕೇಳಿದರು.

"ಖರೇ ಅಂತ ತಿಳದ ಓದೀರೇನ?"

"ಹೌದ್ರಿ ಮಹಾರಾಜ. ಅದರ ಮ್ಯಾಲ ಹಂಗ ಬರದಿತ್ರಿ."

"ಯಾವಾಗ ಗೊತ್ತಾತು?"

"ಪೂರಾ ಮುಗದ ಮ್ಯಾಲರಿ."

"ಬೇಕಂತ ಮುರದಿಲ್ಲ. ಒಂದ ಮಾಲಿ ಜಪಾ ಮಾಡ್ರಿ, ಉಳದ ದಿನಾ ನೇಮ ನಡಸ್ರಿ, ಸಾಕು." ಆಮೇಲೆ ಅವರ ಮುಖ ನೋಡಿ, "ಇಷ್ಟಕ್ಕ ಇಷ್ಟ ಹೆದರವರಲ್ಲ ನೀವು. ಮತ್ತೇನೈತಿ?" ಎಂದರು.

ಅತ್ತೆಯವರು ಮಗಳ ಸಂಗತಿ ಹೇಳಿ ಅಳತೊಡಗಿದರು. ಮಹಾರಾಜರು ಅಳು ನಿಲ್ಲುವ ತನಕ ಕಾದರು.

"ನೇಮ ಸಂತ್ಯಾಗಿನ ವ್ಯಾಪಾರ ಅಲ್ಲ ತಾಯಿ, ಇದ ಕೊಡತೀನಿ ಅದ ಕೊಡು ಅನ್ನಾಕ. ಅದು ನಿಮ್ಮ ಮನಸಿನ ಸಲುವಾಗಿ. ಆ ಕೂಸಿನ ಕರ್ಮ ಆ ಕೂಸಿಗೈತಿ, ತನ್ನ ಹಾದಿ ಹಿಡದ ಬರತೈತಿ. ನೀವು ಓದಿದ್ದ ಪುಸ್ತಕ ಅದರ ಹಾದ್ಯಾಗ ಅಡ್ಡ ಬರಂಗಿಲ್ಲ. ಹೋಗ್ರಿ, ಉಣ್ರಿ ಮೊದಲ."

ನಮಸ್ಕಾರ ಮಾಡಿ ಎದ್ದೆವು. ಬಾಗಿಲ ತನಕ ಬಂದಿದ್ದೆವು, ಹಿಂದಿನಿಂದ ಮಹಾರಾಜರ ದನಿ ಬಂತು.

"ಆ ಅಡಗಿಯವ ಕಡೀಕ ಊರ ಮುಟ್ಟಿದನೇನ?"

"ಮುಟ್ಟಿದಾನ್ರಿ ಮಹಾರಾಜ. ಮಗಳನ್ನೂ ನೋಡಿದಾನ್ರಿ" ಎಂದರು ಅತ್ತೆಯವರು.

"ಚಲೋ ಆತು" ಎಂದರು.

ಬಸದಿಯ ಮೆಟ್ಟಿಲ ಮೇಲೆ ಕೂತು ಅತ್ತೆಯವರು ನಕ್ಕ ನಗೆ! ಎಷ್ಟೋ ದಿನದಿಂದ ತಡೆದು ಹಿಡಿದ ಉಸಿರನ್ನೆಲ್ಲ ಆ ನಗೆಯಲ್ಲಿ ಬಿಟ್ಟರು. ನಾನೂ ನಕ್ಕೆ, ನಡುವೆ ಸೀನಿದೆ, ಮತ್ತೆ ನಕ್ಕೆವು. ಮನೆಗೆ ಬಂದು ಅವರು ಮಜ್ಜಿಗೆ ಅನ್ನ ಕಲಸಿ ನನಗೂ ಒಂದು ತಾಟು ಹಚ್ಚಿಕೊಟ್ಟರು. ಹಿಂದಿನ ದಿನ ನಾನೂ ಸರಿಯಾಗಿ ಉಂಡಿಲ್ಲವೆಂದು ಅವರಿಗೆ ಗೊತ್ತಿತ್ತು.

ದೀಪಾವಳಿಗೆ ಇನ್ನೂ ಕೆಲವು ದಿನ ಇರುವಾಗ ಸುನಂದಾಳಿಗೆ ಬೇನೆ ಬಂತು. ಜೀಪಿನಲ್ಲಿ ಚಿಕ್ಕೋಡಿಯ ಆಸ್ಪತ್ರೆಗೆ ಒಯ್ದೆವು. ಹೊರಗಿನ ಬೆಂಚಿನ ಮೇಲೆ ಕೂತ ಅತ್ತೆಯವರು, "ಓದಾಕ ಏನರ ಕೊಡ, ಸುಮ್ಮ ಕುಂದರಾಕ ಆಗವಲ್ದು" ಎಂದರು. ಅವಸರದಲ್ಲಿ ನನ್ನ ಚೀಲಕ್ಕೆ ಬಿದ್ದಿದ್ದು ದ್ರಾಕ್ಷಿಯ ಪುಸ್ತಕ. ಅದನ್ನೇ ಓದಿದರು, ಗಟ್ಟಿಯಾಗಿ. ಮಳೆಗಾಲ ಮುಗಿದ ಮೇಲಿನ ಚಾಟಣಿ, ಎಂದರೆ ಬಳ್ಳಿ ಕತ್ತರಿಸುವುದು, ಅದರ ಅಧ್ಯಾಯ. ಕತ್ತರಿಸಿದ ಕಡ್ಡಿ ಸತ್ತಂತೆ ಕಂಡರೂ ಹೆದರಬಾರದು, ಕೆಲವು ದಿನಕ್ಕೆ ಕಣ್ಣು ಒಡೆದು ಚಿಗುರುತ್ತದೆ ಎಂಬಲ್ಲಿಗೆ ಬಂದಿದ್ದರು. ಒಳಗಿನಿಂದ ಕೂಸಿನ ಅಳು ಕೇಳಿತು. ಆ ಕೂಸೇ ತೇಜಾ.

ಚಾತುರ್ಮಾಸ ಮುಗಿದ ಮರುದಿನವೇ ಅತ್ತೆಯವರು ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ನನ್ನನ್ನು ಕರೆದು, "ಇನ್ನ ಒಂದ ಸುಳ್ಳದ್ದ ಕೊಡ ಬೇ. ಪೂರಾ ಸುಳ್ಳ ಇರಬೇಕು" ಎಂದರು. ಆದರೆ ಅಂದಿನಿಂದ ಕೊನೆಯುಸಿರಿನ ತನಕ ಅವರು ಯಾವ ಪುಸ್ತಕವನ್ನೂ ಕೊನೆಯ ಪುಟ ನೋಡದೆ ಶುರು ಮಾಡಲಿಲ್ಲ. ಎಲ್ಲರೂ ಸುಖವಾಗಿ ಮನೆ ಮುಟ್ಟಿದ್ದಾರೆ ಎಂದು ಖಾತ್ರಿಯಾದ ಮೇಲೆಯೇ ಮೊದಲ ಪುಟಕ್ಕೆ ಬರುತ್ತಿದ್ದರು. ನಾನು ಮಾತ್ರ ಯಾರಿಗೂ ಪುಸ್ತಕ ಹೇಳುವುದನ್ನು ಬಿಟ್ಟೆ. ಅದು ನೇಮವಲ್ಲ, ಅಂಜಿಕೆ. ಯಾರ ಮನಸ್ಸಿನಲ್ಲಿ ಏನಿದೆಯೋ, ನಮ್ಮ ಪುಸ್ತಕ ಹೋಗಿ ಎಲ್ಲಿ ತಾಗುತ್ತದೋ ಎಂಬ ಅಂಜಿಕೆ.

ಸೆರಗಿನ ಮೇಲೆ ಬಿದ್ದ ತಂಬಾಕಿನ ಎಲೆ ಇದ್ದದ್ದು ಆ ಅಡುಗೆಯವನ ಪುಸ್ತಕದಲ್ಲೇ. ಎಲೆ ಕೈಯಲ್ಲಿ ಹಿಡಿದುಕೊಂಡು ಮೊದಲ ಸಲ ನನಗೆ ಅನ್ನಿಸಿತು, ಆ ಮಳೆಗಾಲ ಈ ಪುಸ್ತಕದಿಂದ ಯಾರಿಗೂ ಏನೂ ಆಗಲಿಲ್ಲ. ಮೂವರು ಹೆಂಗಸರು ಒಂದೇ ಕಡೆ ಕೂತು ಅತ್ತರು, ಒಬ್ಬ ಸನ್ಯಾಸಿಗೆ ಒಂದು ಗಳಿಗೆ ಯಾರದೋ ಮನೆಯ ಕಾಳಜಿಯಾಯಿತು, ಅಷ್ಟೇ. ಇಷ್ಟು ವರ್ಷ ಸುಮ್ಮನೇ ಅಂಜಿಕೊಂಡು ಕೂತೆನಲ್ಲ ಎಂದು ಮನಸ್ಸು ಹಗುರವಾಯಿತು. ಎಲೆಯನ್ನು ಹೊರಗೆ ಎಸೆದು, ಪುಟಪುಟ ಬಿಡಿಸಿ ಬಿಸಿಲಿಗಿಟ್ಟು, ಬಸುರಿ ಹೆಣ್ಣು ಸೀನಬಾರದೆಂದು ಬಟ್ಟೆಯಿಂದ ಒರೆಸಿದೆ. ಯಜಮಾನರು ಪಾರ್ಸಲ್ ಕಟ್ಟಿದರು.

ನಿನ್ನೆ ತೇಜಾ ಫೋನು ಮಾಡಿದ್ದಳು. "ಮಾಮಿ, ಪುಸ್ತಕ ಬಂತ್ರಿ. ಅವನ ಹಡಗ ಒಡದ ಹೋಗೇತಿ. ಮುಂದ ಓದಾಕ ಜೀವಾ ಹೆದರಾಕತ್ತೈತಿ. ಇದು ಖರೇದೋ ಸುಳ್ಳೋ?"

"ಅದನ್ನ ಆಮ್ಯಾಲ ನೋಡೂನು" ಎಂದೆ. "ನೀ ಹೆದರಬ್ಯಾಡ. ಅವ ಊರ ಮುಟ್ಟತಾನ."

ಆ ಕಡೆಯಿಂದ ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.