ರೋಟರ್ ಕಾಡ್ಲಾಂ

ಆ ಕಾರು ಅವತ್ತು ಸ್ಟಾರ್ಟ್ ಆಗಬಾರದಿತ್ತು. ಆಯಿತು. ನಡೆದದ್ದು ಇಷ್ಟೇ. ಇದಕ್ಕೆ ದೇವರು, ದೈವ, ಪ್ರೇತ ಅಂತ ಬಾಲ ಕಟ್ಟುವವರು ಕಟ್ಟಿಕೊಳ್ಳಲಿ. ನಾನು ಪುರೋಹಿತರ ಹೆಂಡತಿಯಾದರೂ ಅಂಥ ಕಥೆ ಶುರುವಾದರೆ ಎದ್ದು ಒಲೆಯ ಕಡೆ ಹೋಗುವವಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ಬರೆದದ್ದು ಅಂತ ನೀವು ನಗಬಹುದು. ನಕ್ಕು ಮುಗಿಸಿ ಓದಿ.

ಅರವತ್ತರ ದಶಕದ ಮಾತು. ನಾವು ಪಡೀಲಿನಲ್ಲಿದ್ದೆವು. ಊರಿಡೀ ಪೂಜೆಗೆ ಓಡಾಡುವ ನಮ್ಮ ಯಜಮಾನರು ಯಾರೋ ಮಾರಿದ ಹಳೇ ಕರಿ ಕಾರು ತಂದರು. ಅದಕ್ಕೆ ಮನಸ್ಸು ಬಂದರೆ ಸ್ಟಾರ್ಟರ್ ಎಳೆದ ಕೂಡಲೇ ಹಿಡಿಯುತ್ತಿತ್ತು. ಬಾರದಿದ್ದರೆ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಇವರ ಜನಿವಾರ ಬೆವರಿನಲ್ಲಿ ನೆನೆದರೂ ಇಲ್ಲ. ಪಕ್ಕದ ಮನೆಯವರು ಬೇಲಿಯಾಚೆಯಿಂದ, “ಎಂತ ಭಟ್ರೇ, ಕಾರಿಗೆ ಇನ್ನೂ ರಾಹುಕಾಲ ಉಂಟಾ?” ಅಂತ ಕೇಳುವರು.

ಪಂಪ್‌ವೆಲ್ ಹತ್ತಿರದ ಮೆಕ್ಯಾನಿಕ್ ಪೆದ್ರು ಸೈಕಲ್ಲಿನಲ್ಲಿ ಬಂದು ನೋಡುತ್ತಿದ್ದ. ಪ್ಲಗ್ ಉಜ್ಜಿದ, ಬ್ಯಾಟರಿ ಚಾರ್ಜ್ ಮಾಡಿಸಿದ, ಪೆಟ್ರೋಲ್ ಪೈಪ್ ಊದಿದ. ಅವನ ಎದುರು ಮಾತ್ರ ಕಾರು ಒಳ್ಳೆ ಸೊಸೆಯ ಹಾಗೆ ಇರುತ್ತಿತ್ತು. ಕೊನೆಗೆ ನಾನೇ ಹೇಳಿದೆ: “ತಣ್ಣಗಿದ್ದಾಗ ಹಿಡೀತದೆ. ಓಡಿ ಬಿಸಿಯಾಗಿ ನಿಂತರೆ ಹಿಡಿಯುವುದಿಲ್ಲ. ಬಿಸಿಯಾದಾಗ ನೋಡು ಮಾರಾಯ. ಜ್ವರ ಇಳಿದ ಮೇಲೆ ನಾಡಿ ಹಿಡಿದರೆ ಎಂತ ಸಿಗ್ತದೆ?”

ಒಂದು ಮಧ್ಯಾಹ್ನ ಅವನು ಹಾಗೆಯೇ ಮಾಡಿದ. ಕಾರನ್ನು ಚೆನ್ನಾಗಿ ಓಡಿಸಿ ತಂದು, ಬಾನೆಟ್ ಎತ್ತಿ ತುಂಬ ಹೊತ್ತು ಬಗ್ಗಿದ್ದ. ನಾನು ಅಡುಗೆಮನೆಯ ಕಿಟಕಿಯಿಂದ “ಎಂತ ಆಯ್ತು?” ಅಂದೆ. ಅವನು ಸೈಕಲ್ ಹತ್ತುತ್ತಾ, “ರೋಟರ್ ಕಾಡ್ಲಾಂ ಅಮ್ಮಾ!” ಅಂತ ಕೂಗಿದ. ಅವಸರವಾದರೆ ಅವನ ಬಾಯಿಗೆ ಕೊಂಕಣಿ ಬರುತ್ತಿತ್ತು. ನನಗೆ ಕೊಂಕಣಿ ಬಾರದು. ಇಷ್ಟು ದಿನ ಕಾಡಿದ್ದು ರೋಟರ್ ಎಂಬ ಯಾವುದೋ ತುಂಡು, ಅದನ್ನು ಸರಿಮಾಡಿ ಹೋದ ಅಂದುಕೊಂಡೆ. ಇವರು ಮನೆಗೆ ಬಂದಾಗಲೂ ಹಾಗೆಯೇ ಹೇಳಿದೆ.

ದೀಪ ಹಚ್ಚುವ ಹೊತ್ತಿಗೆ ಸೌದೆ ಕೊಟ್ಟಿಗೆಯಲ್ಲಿ ನನ್ನ ಅತ್ತೆ ಕಿರಿಚಿದರು. ಕೊಳಕುಮಂಡಲ ಹಾವು ಕಚ್ಚಿತ್ತು. ಕಾಲು ನಮ್ಮ ಕಣ್ಣೆದುರೇ ಬಾಳೆದಿಂಡಿನ ಹಾಗೆ ಊದತೊಡಗಿತು. ಫಳ್ನೀರಿನ ಆಸ್ಪತ್ರೆಗೆ ಒಯ್ಯದಿದ್ದರೆ ಮುಗಿಯಿತು.

“ಆ ಡಬ್ಬಿಯಲ್ಲಿ ಕೂತು ದಾರಿಯಲ್ಲಿ ಸಾಯುವುದಕ್ಕಿಂತ ಇಲ್ಲೇ ಸಾಯ್ತೇನೆ,” ಅಂದರು ಅತ್ತೆ.

“ಸಾಯುವುದಾದರೆ ಆಸ್ಪತ್ರೆಯಲ್ಲಿ ಸಾಯಿರಿ ಅತ್ತೆ. ಇಲ್ಲಿ ನನಗೆ ಕೆಲಸ ಉಂಟು,” ಅಂದು ಎತ್ತಿ ಹಿಂದಿನ ಸೀಟಿನಲ್ಲಿ ಹಾಕಿದೆ.

ಇವರು ಸ್ಟಾರ್ಟರ್ ಎಳೆದರು. ಕೂಡಲೇ ಹಿಡಿಯಿತು! ಹಾರನ್ ಒತ್ತಿದ ಕೈ ತೆಗೆಯದೆ ಓಡಿಸಿದರು. ಜನ ಚರಂಡಿಗೆ ಹಾರಿದರು. ಪಂಪ್‌ವೆಲ್ ದಾಟಿದ ಮೇಲೆ ಎತ್ತಿನ ಗಾಡಿಯೊಂದು ಅಡ್ಡ ಬಂತು. ಬ್ರೇಕ್ ಹಾಕಿದರು, ಎಂಜಿನ್ ಆರಿಹೋಯಿತು. ಬಿಸಿ ಎಂಜಿನ್! ಅತ್ತೆಯ ತುಟಿ ನೀಲಿಯಾಗುತ್ತಿತ್ತು. “ಎಳೀರಿ, ಎಳೀರಿ!” ಅಂತ ಬೊಬ್ಬೆ ಹೊಡೆದೆ. ಇವರು ಎಳೆದರು. ಹಿಡಿಯಿತು! ಆ ಸಂಕಟದಲ್ಲೂ “ಪೆದ್ರು ಗೆದ್ದ!” ಅಂತ ಕೂಗಿಬಿಟ್ಟೆ.

ಇಂಜೆಕ್ಷನ್ ಕೊಟ್ಟ ಡಾಕ್ಟರು, ಇನ್ನು ಸ್ವಲ್ಪ ತಡವಾಗಿದ್ದರೆ ತಮ್ಮಿಂದ ಆಗುತ್ತಿರಲಿಲ್ಲ ಅಂದರು. ಅತ್ತೆ ಉಳಿದರು.

ಮರುದಿನ ಬೆಳಿಗ್ಗೆ ಪೆದ್ರು ಕಾಗದದ ಪೊಟ್ಟಣ ಹಿಡಿದು ಆಸ್ಪತ್ರೆಯ ಅಂಗಳಕ್ಕೆ ಓಡಿ ಬಂದ. ಮನೆಗೆ ಹೋಗಿದ್ದನಂತೆ. ಹಾವಿನ ಸುದ್ದಿ ಪಕ್ಕದವರು ಹೇಳಿದ್ದರು. ಅಂಗಳದಲ್ಲಿ ನಿಂತ ನಮ್ಮ ಕಾರು ನೋಡಿ ಕೇಳಿದ:

“ಕಾರನ್ನು ಎಳೆದು ತಂದದ್ದು ಯಾರು ಅಮ್ಮಾ?”

“ಎಳೆಯುವುದು ಎಂತಕ್ಕೆ? ಓಡಿಸಿ ತಂದದ್ದು.”

“ತಮಾಷೆ ಮಾಡ್ಬೇಡಿ. ಅದರಲ್ಲಿ ರೋಟರೇ ಇಲ್ಲ. ಬಿರುಕು ಬಿಟ್ಟಿತ್ತು, ಹೊಸತು ತರ್ಲಿಕ್ಕೆ ತೆಗ್ದು ಹೋದದ್ದು. ಕಾಡ್ಲಾಂ, ತೆಗ್ದಿದ್ದೇನೆ ಅಂತ ಹೇಳಿದ್ದೆನಲ್ಲ!”

ಬಾನೆಟ್ ಎತ್ತಿ, ಒಂದು ಕರಿ ಮುಚ್ಚಳ ತೆಗೆದು ತೋರಿಸಿದ. ಪ್ಲಗ್ಗುಗಳಿಗೆಲ್ಲ ಕರೆಂಟು ಹಂಚುವ ತುಂಡು ಕೂರುವ ಜಾಗ ಅದು. ಖಾಲಿ. ಆ ತುಂಡು ಇಲ್ಲದೆ ಎಂಜಿನ್ ಒಂದು ಸಲವೂ ಕೆಮ್ಮುವುದಿಲ್ಲವಂತೆ. ಆಮೇಲೆ ಇಷ್ಟು ವರ್ಷಗಳಲ್ಲಿ ಸಿಕ್ಕ ಸಿಕ್ಕ ಮೆಕ್ಯಾನಿಕ್‌ಗಳನ್ನೆಲ್ಲ ಕೇಳಿದ್ದೇನೆ. ಸಾಧ್ಯವೇ ಇಲ್ಲ ಅನ್ನುತ್ತಾರೆ. ಇರಬಹುದು. ಆದರೆ ಅತ್ತೆ ಆಮೇಲೂ ಬಹಳ ಕಾಲ ಬದುಕಿ ನಾನು ಮಾಡಿದ ಸಾರಿಗೆ ಹೆಸರಿಟ್ಟದ್ದು ಸುಳ್ಳಲ್ಲವಲ್ಲ. ಎರಡನ್ನೂ ಜೋಡಿಸಲು ನನಗೆ ಇವತ್ತಿಗೂ ಆಗಿಲ್ಲ.

ಆ ಬೆಳಿಗ್ಗೆ ಪೆದ್ರು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ. ಇವರು ಕಣ್ಣು ಮುಚ್ಚಿ ಕೈಮುಗಿದು ನಿಂತರು. “ಹೊಸತು ಹಾಕುವ ಮೊದಲು ಒಮ್ಮೆ ಸ್ಟಾರ್ಟ್ ಮಾಡಿ ನೋಡುವ,” ಅಂದೆ. ಇಬ್ಬರೂ ಕಾರು ಮುಟ್ಟಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜನ್ಮದಲ್ಲಿ ಮೊದಲ ಬಾರಿಗೆ ಡ್ರೈವರ್ ಸೀಟಿನಲ್ಲಿ ಕೂತು, ನಾನೇ ಸ್ಟಾರ್ಟರ್ ಎಳೆದೆ. ಕರ್ರ್ ಅಂದಿತು, ಹಿಡಿಯಲಿಲ್ಲ. ಮತ್ತೆ ಎಳೆದೆ. ಬ್ಯಾಟರಿ ಸೋತು ಸದ್ದು ನಿಲ್ಲುವ ತನಕ ಎಳೆದೆ. ಇಳಿದು, “ಇನ್ನು ಹಾಕು,” ಅಂದು, ಅತ್ತೆಗೆ ಗಂಜಿ ಕುಡಿಸಲು ವಾರ್ಡಿಗೆ ಹೋದೆ.