ಬ್ರೆಡ್ಡಿನ ಸೈಕಲ್ ಹೋಗುತ್ತಿದ್ದ ದಾರಿಗಳು

ಶೃಂಗೇರಿಯಲ್ಲಿ ಬೆಳೆದ ನನಗೆ ಸೈಕಲ್ಲೆಂದರೆ ಅರ್ಧ ದಾರಿ ತಳ್ಳಿಕೊಂಡು ಹೋಗುವ ವಸ್ತು. ಏರು ಬಂದರೆ ಇಳಿಯಬೇಕು, ಇಳಿಜಾರು ಬಂದರೆ ಬ್ರೇಕಿನ ಮೇಲೆ ಜೀವ ಇಡಬೇಕು. ಮುಂದೆ ಕೊಪ್ಪದಲ್ಲಿ ಹೈಸ್ಕೂಲು ಟೀಚರಾಗಿದ್ದಷ್ಟು ಕಾಲವೂ ಸೈಕಲ್ಲಿನ ಯೋಚನೆ ಬಂದಿರಲಿಲ್ಲ. ನರಸಿಂಹರಾಜಪುರಕ್ಕೆ ವರ್ಗವಾಗಿ ಬಂದ ಮೇಲೆಯೇ, ನಮ್ಮ ಸೀಮೆಯಲ್ಲೂ ನೆಲ ಇಷ್ಟು ಉದ್ದಕ್ಕೆ ಕಾಲು ಚಾಚಿ ಮಲಗಿರುತ್ತದೆಂದು ಕಂಡದ್ದು. ಊರು ದಾಟಿದರೆ ಗದ್ದೆ ಬಯಲು, ಅದರಾಚೆ ಭದ್ರಾ ಹಿನ್ನೀರು, ಹಿನ್ನೀರಿನ ಆಚೆ ಅಭಯಾರಣ್ಯದ ಕಾಡು.

ನಲವತ್ತಾರನೆಯ ವಯಸ್ಸಿಗೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೆ. ದಿನಾ ನಡೆಯಿರಿ ಎಂದರು ಡಾಕ್ಟರು. ನಡೆಯುವುದು ನನಗೆ ಬೇಸರ. ಶಿವಮೊಗ್ಗಕ್ಕೆ ಹೋಗಿ ದಪ್ಪ ಟೈರಿನ, ಟಗರಿನ ಕೋಡಿನಂತೆ ಬಾಗಿದ ಹ್ಯಾಂಡಲ್ಲಿನ ಒಂದು ಸೈಕಲ್ ತಂದೆ. ಅಂಗಡಿಯವರು ಅದಕ್ಕೆ ಗ್ರಾವೆಲ್ ಬೈಕ್ ಎಂದರು. ಟಾರಿಗೂ ಆಗುತ್ತದೆ, ಜಲ್ಲಿ ಮಣ್ಣಿನ ರಸ್ತೆಗೂ ಆಗುತ್ತದೆ ಎಂದರು. ತಂದ ವಾರವೇ ಪಂಕ್ಚರ್ ಆಯಿತು.

ಪಂಕ್ಚರ್ ಅಂಗಡಿಯಲ್ಲಿದ್ದವರು ಅರವತ್ತು ದಾಟಿದ, ಸಣಕಲು ಮೈಯ ಮನುಷ್ಯ. ಚಕ್ರ ಬಿಚ್ಚುವ ಮೊದಲು ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಇಷ್ಟು ದಪ್ಪದ ಟೈರ್ ಇಟ್ಕಂಡು ಟಾರ್ ರಸ್ತೇಲೇ ಓಡಾಡ್ತೀರಾ ಟೀಚರೇ?"

"ಬೇರೆ ದಾರಿ ಗೊತ್ತಿಲ್ಲ ಅಣ್ಣ."

"ದಾರಿಗೆ ಎಂತ ಬರಗಾಲ ಮಾರಾಯ್ರೆ? ಭಾನುವಾರ ಬನ್ನಿ, ತೋರಿಸ್ತೀನಿ."

ಅಂದಿನಿಂದ ಅವರು ನನಗೆ ಅಣ್ಣ. ಇಪ್ಪತ್ತೈದು ವರ್ಷ ಅವರು ಒಂದು ಬೇಕರಿಯಲ್ಲಿ ಲೈನಿಗೆ ಹೋಗುವ ಕೆಲಸದಲ್ಲಿದ್ದರಂತೆ. ಸೈಕಲ್ಲಿನ ಕ್ಯಾರಿಯರಿಗೆ ದೊಡ್ಡ ತಗಡಿನ ಪೆಟ್ಟಿಗೆ ಕಟ್ಟಿ, ಹಳ್ಳಿ ಹಳ್ಳಿಯ ಅಂಗಡಿಗೆ ಬ್ರೆಡ್ಡು, ಬನ್ನು, ಖಾರ ಬಿಸ್ಕತ್ತು ಹಾಕಿ ಬರುವುದು. ಬಸ್ಸಿನ ರಸ್ತೆ ಸುತ್ತು, ಹಾಗಾಗಿ ಗದ್ದೆಯ ಅಂಚು, ನೀರಿನ ಚಾನಲ್ಲಿನ ದಂಡೆ, ಗಾಡಿ ದಾರಿ, ಕಾಡಂಚಿನ ಜಾಡು ಎಲ್ಲವನ್ನೂ ಕಾಲಿನಿಂದಲೇ ಕಲಿತಿದ್ದರು. ಬೇಕರಿಯವರು ಗೂಡ್ಸ್ ಆಟೊ ಕೊಂಡ ಮೇಲೆ ಆ ಕೆಲಸ ಹೋಯಿತು. ಪಂಕ್ಚರ್ ಅಂಗಡಿ ಹಾಕಿಕೊಂಡರು. ಸೈಕಲ್ ಮಾತ್ರ ಅದೇ. ಕ್ಯಾರಿಯರಿನಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದ ಕೊಕ್ಕೆಗಳು ಹಾಗೇ ಇದ್ದವು.

ಎರಡು ವರ್ಷ, ಮಳೆಗಾಲ ಬಿಟ್ಟು, ಹೆಚ್ಚುಕಡಿಮೆ ಪ್ರತಿ ಭಾನುವಾರ ನಾವು ಹೋದೆವು. ನನ್ನ ಸೈಕಲ್ಲಿಗೆ ಹನ್ನೊಂದು ಗೇರು, ಅವರದಕ್ಕೆ ಒಂದೂ ಇಲ್ಲ. ಆದರೂ ಅವರೇ ಮುಂದೆ. ಕಡಹಿನಬೈಲಿನ ಗದ್ದೆಗಳ ನಡುವೆ ಕೆಂಪು ಜಲ್ಲಿಯ ರಸ್ತೆಯೊಂದಿದೆ. ಬೆಳಗಿನ ಮಂಜಿನಲ್ಲಿ ಅವರ ಬೆನ್ನು ಕಾಣದೆ ಚೈನಿನ ಸದ್ದು ಹಿಡಿದು ಹೋಗುತ್ತಿದ್ದೆ. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ ಮೈಲುಗಟ್ಟಲೆ ಹುಲ್ಲಿನ ಬಯಲು ತೆರೆದುಕೊಳ್ಳುತ್ತಿತ್ತು. ಅಲ್ಲಿ ದಾರಿಯೇ ಬೇಡ, ಹೋದದ್ದೇ ದಾರಿ. ಒಮ್ಮೆ ಕಾಡಂಚಿನಲ್ಲಿ ಅವರು ತಟ್ಟನೆ ಇಳಿದು, ನೆಲದ ಮೇಲಿನ ಆನೆ ಲದ್ದಿಯ ಹತ್ತಿರ ಅಂಗೈ ಹಿಡಿದು, "ಬೆಚ್ಚಗಿದೆ. ವಾಪಸ್ ಹೋಗಣ, ಮಾತಾಡ್ಬೇಡಿ" ಎಂದರು. ನಾನಾಗಲೇ ಸೈಕಲ್ ತಿರುಗಿಸಿದ್ದೆ.

ಎಲ್ಲಿ ಹೋದರೂ ಅವರನ್ನು ಬಲ್ಲವರಿದ್ದರು. ಕಡಹಿನಬೈಲಿನ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಮಜ್ಜಿಗೆ ಕೊಟ್ಟು, "ಇದ್ಯಾರು? ನಿನ್ನ ತಂಗಿಯಾ?" ಎಂದು ಕೇಳಿದರು.

"ಹೌದು ಅಂತಲೇ ಇಟ್ಕಳಿ" ಎಂದರು ಅಣ್ಣ, ನಗದೆ.

ನನ್ನ ಫೋನಿನಲ್ಲಿ ಒಂದು ಆ್ಯಪ್ ಇತ್ತು. ಹೋದ ದಾರಿಯನ್ನು ಅದು ನಕ್ಷೆಯ ಮೇಲೆ ಗೆರೆಯಾಗಿ ಎಳೆಯುತ್ತಿತ್ತು. ಆ ಗೆರೆಗಳಿಗೆ ಒಂದೊಂದು ಚೆಂದದ ಹೆಸರು ಕೊಟ್ಟು ಎಲ್ಲರಿಗೂ ಕಾಣುವಂತೆ ಹಾಕಿದೆ. ದಾರಿ ರೂಪಿಸಿದವರು ಎನ್ನುವ ಕಡೆ ಆ್ಯಪ್ ತಾನಾಗಿಯೇ ನನ್ನ ಹೆಸರು ಬರೆದುಕೊಂಡಿತು. ಅದನ್ನು ಹಾಗೇ ಬಿಟ್ಟವಳು ನಾನು. ಶಿವಮೊಗ್ಗದ ಸೈಕಲ್ ಸವಾರರು ಒಬ್ಬೊಬ್ಬರಾಗಿ ಬಂದು ಆ ದಾರಿಗಳಲ್ಲಿ ಹೋಗಿ ನನ್ನನ್ನು ಹೊಗಳಿ ಬರೆಯತೊಡಗಿದರು. ಇಷ್ಟು ಒಳ್ಳೆಯ ದಾರಿಗಳನ್ನು ಹೇಗೆ ಕಂಡುಹಿಡಿದಿರಿ ಎಂದು ಒಬ್ಬರು ಫೋನಿನಲ್ಲಿ ಕೇಳಿದರು.

"ಹೀಗೇ ಸುತ್ತಾಡ್ತಾ ಸಿಕ್ಕಿದ್ವು" ಎಂದೆ.

ಆ ಉತ್ತರ ಬಾಯಿಗೆ ಎಷ್ಟು ಸಲೀಸಾಗಿ ಬಂತೆಂದರೆ, ಅದು ಸುಳ್ಳೆಂದು ಆಗ ನನಗೆ ಅನ್ನಿಸಲೂ ಇಲ್ಲ.

ಒಂದು ಡಿಸೆಂಬರಿನಲ್ಲಿ ಶಿವಮೊಗ್ಗದವರ ಗುಂಪಿನ ಇಪ್ಪತ್ತು ಚಿಲ್ಲರೆ ಜನ ಒಟ್ಟಿಗೆ ಬರುವುದೆಂದು, ನಾನು ಮುಂದೆ ನಿಂತು ಕರೆದೊಯ್ಯುವುದೆಂದು ಆಯಿತು. ಅಣ್ಣನಿಗೆ ಹೇಳಿದಾಗ ಅವರ ಮುಖ ಅರಳಿತು. ಆ ದಿನ ಬೆಳಗ್ಗೆ ಬಸ್‌ಸ್ಟ್ಯಾಂಡಿನ ಹತ್ತಿರ ಬಂದಾಗ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಸೈಕಲ್ ತೊಳೆದು ಚೈನಿಗೆ ಎಣ್ಣೆ ಬಿಟ್ಟಿದ್ದರು. ಸುತ್ತ ನೋಡಿದೆ. ಹೊಳೆಯುವ ಹೆಲ್ಮೆಟ್ಟುಗಳು, ಮೈಗಂಟಿದ ಬಣ್ಣದ ಜೆರ್ಸಿಗಳು, ಲಕ್ಷದ ಮಾತಿನ ಸೈಕಲ್ಲುಗಳು, ಸಾಮಾನು ಹೊತ್ತು ಹಿಂದೆ ಬರಲು ಒಂದು ವ್ಯಾನು. ಅವುಗಳ ನಡುವೆ ಆ ಕೊಕ್ಕೆಯ ಕ್ಯಾರಿಯರಿನ ಸೈಕಲ್. ನನಗೆ ನಾಚಿಕೆಯಾಯಿತು. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು, ಆದರೆ ಆದದ್ದು ಅದೇ.

"ಅಣ್ಣ, ಹೆಲ್ಮೆಟ್ ಇಲ್ದೆ ಇವರ ಜೊತೆ ಬರೋ ಹಾಗಿಲ್ಲವಂತೆ. ನೀವು ವ್ಯಾನಲ್ಲಿ ಬನ್ನಿ, ಆರಾಮಾಗಿ. ನೀರು, ಬಾಳೆಹಣ್ಣು ನೋಡ್ಕೊಳ್ಳೋಕೂ ಒಬ್ಬರು ಬೇಕು" ಎಂದೆ.

ಗುಂಪಿನವರು ಒಂದೆರಡು ಹೆಲ್ಮೆಟ್ ಹೆಚ್ಚಿಗೆ ತಂದಿದ್ದರು. ಅದು ನನಗೆ ಗೊತ್ತಿತ್ತು.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಆಯ್ತು ಟೀಚರೇ" ಎಂದು ಸೈಕಲ್ಲನ್ನು ಅಂಗಡಿಗೆ ಒಯ್ದು ಬೀಗ ಹಾಕಿ ಬಂದರು. ಬಂದವರೇ, "ಹಿನ್ನೀರಿನ ಕಡೆ ಮಾತ್ರ ನೋಡ್ಕಳಿ. ಈ ವರ್ಷ ನೀರು ಇನ್ನೂ ಇಳಿದಿಲ್ಲ. ದೊಡ್ಡ ಹುಣಸೆ ಮರದ ಹತ್ರ ಎಡಕ್ಕೆ..." ಎಂದು ಶುರುಮಾಡಿದರು.

"ಮ್ಯಾಪ್ ಇದೆ ಅಣ್ಣ, ಬಿಡಿ" ಎಂದೆ.

ಅಷ್ಟರಲ್ಲಿ ಗುಂಪಿನ ಹೆಂಗಸೊಬ್ಬರು ನನ್ನ ಪಕ್ಕ ಬಂದು, "ಇವರು ಯಾರು ಮೇಡಂ?" ಎಂದು ಕೇಳಿದರು. ಅಣ್ಣ ಮೂರು ಹೆಜ್ಜೆ ಆಚೆ ನೀರಿನ ಕ್ಯಾನನ್ನು ವ್ಯಾನಿಗೆ ಎತ್ತುತ್ತಿದ್ದರು.

"ನಮ್ಮ ಹೆಲ್ಪರ್" ಎಂದೆ.

ಅವರು ತಿರುಗಿ ನೋಡಲಿಲ್ಲ. ಎತ್ತಿದ ಕ್ಯಾನು ಮಾತ್ರ ಅರ್ಧದಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಮೇಲೆ ಹೋಯಿತು.

ಹುಣಸೆ ಮರದ ಹತ್ತಿರ ದಾರಿ ಎರಡಾಗುತ್ತದೆ. ಎಡಕ್ಕೆ ಹೋದರೆ ದಿಬ್ಬದ ಮೇಲಿನ ಗಾಡಿ ದಾರಿ. ನೇರ ಹೋದರೆ ಬಯಲು. ನನ್ನ ಫೋನಿನ ಗೆರೆ ನೇರ ಹೋಗುತ್ತಿತ್ತು, ಏಕೆಂದರೆ ಅದನ್ನು ನಾನು ಏಪ್ರಿಲಿನಲ್ಲಿ ಎಳೆದಿದ್ದೆ. ನೇರ ಹೋದೆ, ನನ್ನ ಹಿಂದೆ ಎಲ್ಲರೂ ಬಂದರು. ಹುಲ್ಲು ಹಸಿರಾಗಿ, ಗಟ್ಟಿ ನೆಲದಂತೆಯೇ ಕಾಣುತ್ತಿತ್ತು. ಇನ್ನೂರು ಗಜ ಹೋಗುವಷ್ಟರಲ್ಲಿ ನನ್ನ ಮುಂದಿನ ಚಕ್ರ ಕೆಸರಿನಲ್ಲಿ ಹೂತಿತು. ನಾನು ಕಾಲೂರಿ ನಿಂತೆ. ಹಿಂದೆ ವೇಗವಾಗಿ ಬರುತ್ತಿದ್ದ ವಕೀಲರೊಬ್ಬರಿಗೆ ನಿಲ್ಲಿಸಲಾಗಲಿಲ್ಲ. ಪಕ್ಕಕ್ಕೆ ತಿರುಗಿಸಲು ಹೋಗಿ ಹ್ಯಾಂಡಲ್ಲಿನ ಮೇಲಿಂದ ಹಾರಿ, ಕೆಸರಿನಲ್ಲಿ ಮುಳುಗಿದ್ದ ಮರದ ಬೊಡ್ಡೆಯ ಮೇಲೆ ಭುಜ ಕೊಟ್ಟು ಬಿದ್ದರು. ಅವರು ಕೂಗಿದ್ದು ಕೇಳಿ ನೀರಿನ ಹಕ್ಕಿಗಳೆಲ್ಲ ಎದ್ದವು.

ಯಾರಿಗೂ ಏನು ಮಾಡುವುದೆಂದು ತೋಚಲಿಲ್ಲ. ಮೊಣಕಾಲುದ್ದದ ಕೆಸರು, ಹತ್ತಿರ ಹೋದವರೂ ಹೂತುಕೊಳ್ಳುತ್ತಿದ್ದರು. ದಿಬ್ಬದ ಮೇಲೆ ನಿಂತ ವ್ಯಾನಿನಿಂದ ಅಣ್ಣ ಓಡಿ ಬರುವುದು ಕಂಡಿತು. ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಜೊಂಡು ಬೆಳೆದ ಕಡೆಯೇ ಕಾಲಿಡುತ್ತಾ ಬಂದರು. "ಹುಲ್ಲಿನ ಮೇಲೆ ಬ್ಯಾಡಿ, ಜೊಂಡಿನ ಬುಡಕ್ಕೆ ಕಾಲಿಡಿ, ಅಲ್ಲಿ ಗಟ್ಟಿ ಇರತ್ತೆ" ಎಂದು ಎಲ್ಲರಿಗೂ ಹೇಳಿದರು. ಹೆಗಲ ಮೇಲಿನ ಟವೆಲ್ಲಿನಿಂದ ವಕೀಲರ ಕೈಯನ್ನು ಎದೆಗೆ ಸೇರಿಸಿ ಕಟ್ಟಿದರು. ಇಬ್ಬರ ನೆರವಿನಲ್ಲಿ ಅವರನ್ನು ಹೊತ್ತುಕೊಂಡೇ ದಿಬ್ಬ ಮುಟ್ಟಿಸಿದರು. ಆ ಬಿಳಿ ಅಂಗಿಯಲ್ಲಿ ಬಿಳಿ ಎನ್ನುವುದು ಉಳಿದಿರಲಿಲ್ಲ. ವ್ಯಾನಿನಲ್ಲಿ ಆಸ್ಪತ್ರೆಯವರೆಗೂ ವಕೀಲರ ತಲೆ ಅವರ ತೊಡೆಯ ಮೇಲಿತ್ತು.

ಎಡಕ್ಕೆ ಅಂತ ಹೇಳಿದ್ದೆನಲ್ಲ ಎಂದು ಅಣ್ಣ ಒಮ್ಮೆಯೂ ಅನ್ನಲಿಲ್ಲ.

ವಕೀಲರ ಹೆಗಲಿನ ಮೂಳೆ ಮುರಿದಿತ್ತು. ಕೂಡಿಕೊಂಡ ಮೇಲೆ ವಕೀಲರು ಆ ದಿನದ ಬಗ್ಗೆ ಉದ್ದಕ್ಕೆ ಬರೆದು ಗುಂಪಿಗೆಲ್ಲ ಕಳಿಸಿದರು. ನನ್ನ ದಾರಿಯ ತಿಳಿವಳಿಕೆಯನ್ನು ಹೊಗಳಿದ್ದರು. ಕೆಸರಿನ ತಪ್ಪನ್ನು ನೀರಿನ ಮೇಲೆ ಹಾಕಿದ್ದರು. ಕೊನೆಯಲ್ಲಿ, ಸಮಯಕ್ಕೆ ಒದಗಿದ "ವ್ಯಾನಿನ ಹೆಲ್ಪರ್ ಅಂಕಲ್"ಗೂ ಧನ್ಯವಾದ ಎಂದಿತ್ತು. ತಿದ್ದಬಹುದಿತ್ತು. ನಾಲ್ಕು ಸಾಲು ಸಾಕಿತ್ತು. ಬರೆಯಲು ಕೂತೆ, ಅಳಿಸಿದೆ. ಆ ನಾಲ್ಕು ಸಾಲು ಬರೆದರೆ ಅದಕ್ಕೆ ಹಿಂದಿನ ಎರಡು ವರ್ಷವನ್ನೂ ಬಿಡಿಸಿ ಹೇಳಬೇಕಾಗುತ್ತಿತ್ತು.

ಗುಂಪು ಬಂದುಹೋದ ಮುಂದಿನ ಭಾನುವಾರ ನಾನು ಅಂಗಡಿಗೆ ಹೋದರೆ, "ಮೊಣಕಾಲು ಹಿಡ್ಕಂಡಿದೆ ಟೀಚರೇ, ನೀವು ಹೋಗ್ಬನ್ನಿ" ಎಂದರು. ಅದರ ಮುಂದಿನ ಭಾನುವಾರವೂ ಅದೇ. ಮೂರನೆಯ ವಾರ ಅವರು ಸೈಕಲ್ ತುಳಿಯುತ್ತಾ ಸಂತೆಗೆ ಹೋಗುವುದನ್ನು ನಾನೇ ನೋಡಿದೆ. ಚೆನ್ನಾಗಿಯೇ ತುಳಿಯುತ್ತಿದ್ದರು.

ಬೇಸಿಗೆ ರಜೆ ಶುರುವಾದ ಮೇಲೆ ಒಂದು ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ ಹೋದೆ. ಅವರು ಒಂದು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದರು. ನಿಂತೇ ಹೇಳಿದೆ.

"ಅಣ್ಣ, ಅವತ್ತು ನಿಮ್ಮನ್ನ ವ್ಯಾನಲ್ಲಿ ಕೂರಿಸಬಾರದಿತ್ತು. ತಪ್ಪಾಯ್ತು."

ಅವರು ಟ್ಯೂಬನ್ನು ತಿರುಗಿಸುತ್ತಲೇ ಇದ್ದರು. "ವ್ಯಾನಿಗೆ ಎಂತ ಆಯ್ತು ಟೀಚರೇ. ಕೂತ್ಕಂಡು ಹೋಗದು ಸುಖವೇ" ಎಂದರು. ಗುಳ್ಳೆ ಎದ್ದ ಕಡೆ ಬೆರಳಿಟ್ಟು, ತಲೆ ಎತ್ತದೆ, "ಯಾರು ಅಂತ ಆಯಮ್ಮ ಕೇಳಿದ್ರಲ್ಲ. ಗೊತ್ತಿರೋರು ಅಂದಿದ್ರೂ ಸಾಕಿತ್ತು" ಎಂದರು.

ಅವರು ಬೈಯಲಿ, ಇನ್ನೆರಡು ಮಾತು ಹೆಚ್ಚಿಗೆ ಆಡಲಿ ಎಂದು ಕಾದೆ. ಬೈದಿದ್ದರೆ ಅಳಬಹುದಿತ್ತು, ಅತ್ತರೆ ಮುಗಿಯುತ್ತಿತ್ತೇನೋ. ಅವರು ಕೈ ಒರೆಸಿಕೊಂಡು ಪಕ್ಕದ ಹೋಟೆಲಿಗೆ ಎರಡು ಕಾಫಿ ಕೂಗಿ ಹೇಳಿದರು. ಕಾಫಿ ಕುಡಿಯುತ್ತಾ, ಕಮ್ಮರಡಿಯಲ್ಲಿರುವ ಮಗಳು ಅಲ್ಲಿಗೇ ಬಂದಿರಿ ಎಂದು ಕರೆಯುತ್ತಿದ್ದಾಳೆ, ಮಳೆಗೆ ಮೊದಲು ಅಂಗಡಿ ಮುಚ್ಚುತ್ತೇನೆ ಎಂದು ಹೇಳಿದರು. ನನ್ನ ಸಕ್ಕರೆ ಕಾಯಿಲೆ ಹೇಗಿದೆ ಎಂದು ಕೇಳಿದರು. ಮನೆಗೆ ಬಂದ ನೆಂಟರ ಹತ್ತಿರ ಕೇಳುವಂತೆ ಕೇಳಿದರು.

ಆ ಸಂಜೆ ನಕ್ಷೆಗಳಲ್ಲಿ ನನ್ನ ಹೆಸರಿನ ಕೆಳಗೆ, ಅಣ್ಣನ ಹೆಸರು ಹಾಕಿ, ಇವೆಲ್ಲ ನನಗೆ ಅವರು ತೋರಿಸಿದ ದಾರಿಗಳು ಎಂದು ಬರೆದೆ. ವಕೀಲರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಸಮಾಧಾನದಿಂದ ಕೇಳಿ, "ಓ, ಹೌದಾ ಮೇಡಂ? ಒಳ್ಳೇ ಮನುಷ್ಯ" ಎಂದು, ಮುಂದಿನ ರೈಡ್ ಯಾವಾಗ ಎಂದು ಕೇಳಿದರು.

ಜೂನಿಗೆ ಮೊದಲೇ ಅಣ್ಣ ಊರು ಬಿಟ್ಟರು. ಹೋಗುವ ದಿನ ನನಗೆ ಹೇಳಿ ಕಳಿಸಲಿಲ್ಲ. ಆಮೇಲೆ ಎರಡು ಸಲ ಕಮ್ಮರಡಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದೇನೆ. ಎರಡು ಸಲವೂ ನಡುದಾರಿಯ ಕೊಪ್ಪದಲ್ಲೇ ಇಳಿದು ಹಿಂದೆ ಬಂದಿದ್ದೇನೆ.