ಗೋಡೆಯೊಳಗಿನ ಹಸಿರು

ಮದುವೆಯಾದ ಹೊಸತರಲ್ಲಿ ನಾವು ಹೊನ್ನಾವರದಲ್ಲಿ ಬಾಡಿಗೆಗಿದ್ದೆವು. ನಮ್ಮವರಿಗೆ ಮಾಮಲೇದಾರ ಕಚೇರಿಯಲ್ಲಿ ಗುಮಾಸ್ತಿಕೆ. ಒಂದೇ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಆಚೆ ಪಾಲಿನಲ್ಲಿ ಮನೆಯ ಯಜಮಾನರು, ಈಚೆ ನಾವು. ಯಜಮಾನರು ಹೆಡ್‌ಮಾಸ್ತರರಾಗಿ ನಿವೃತ್ತರಾದವರು, ಒಂಟಿ ಜೀವ. ಮನೆಯನ್ನು ಬೇರೆಯವರಿಂದ ಕೊಂಡದ್ದಂತೆ. ಗೋಡೆಗಳೆಲ್ಲ ಬೂದಿ ಬಣ್ಣ. ಕೀಲಿಕೈ ಕೊಡುವಾಗ, ಗೋಡೆ ಈಗ ಹೇಗಿದೆಯೋ ಬಿಡುವಾಗಲೂ ಹಾಗೇ ಇರಬೇಕು ಎಂದಿದ್ದರು.

ಆ ವರ್ಷ ಮಿರ್ಜಾನದಿಂದ ನಮ್ಮ ಮಾವ ಕಣ್ಣಿನ ಔಷಧಕ್ಕೆಂದು ಬಂದು ಉಳಿದರು. ಊಟವಾದ ಮೇಲೆ ಕುರ್ಚಿಯ ಮುಂಗಾಲು ಎತ್ತಿ, ಗೋಡೆಗೆ ಒರಗಿ ಕಣ್ಣು ಮುಚ್ಚುವುದು ಅವರ ರೂಢಿ. ತಲೆಗೆ ತೆಂಗಿನೆಣ್ಣೆ ಧಾರಾಳ. ಅವರು ಊರಿಗೆ ಹೊರಡುವ ಮೊದಲೇ ಗೋಡೆಯ ಮೇಲೆ ಕುರ್ಚಿ ತಿಕ್ಕಿದ ಕರಿ ಗೆರೆಯೂ ಅದರ ಮೇಲೆ ತಲೆಯಷ್ಟೇ ಅಗಲದ ಜಿಡ್ಡಿನ ಗುರುತೂ ಮೂಡಿದವು.

ನನಗೆ ಯಜಮಾನರ ಹೆದರಿಕೆ. ಅಂಟುವಾಳದ ನೊರೆಯಲ್ಲಿ ಒರೆಸಿದೆ, ಜಗ್ಗಲಿಲ್ಲ. ಬಿಸಿನೀರಿಗೆ ಸೋಡಾ ಹಾಕಿ ತೆಂಗಿನ ನಾರಿನಿಂದ ತಿಕ್ಕಿದೆ. ಗೆರೆ ಹೋಯಿತು, ಜಿಡ್ಡು ಹೋಯಿತು, ಅವುಗಳ ಹಿಂದೆಯೇ ಬೂದಿ ಬಣ್ಣವೂ ಹೋಗಿ, ಎಳೆ ಬಾಳೆಲೆಯಂಥ ಹಸಿರು ಎಣ್ಣೆಬಣ್ಣ ಹೊಳೆಯತೊಡಗಿತು. ಇಷ್ಟು ದಿನ ನಾವು ಬಣ್ಣವೆಂದುಕೊಂಡದ್ದು ಹಿಂದಿನವರ ಒಲೆಯ ಹೊಗೆ.

ಮಾವ ಹತ್ತಿರ ಬಂದು ನೋಡಿ, "ಮೊದ್ಲಿದ್ದದ್ದೇ ಅಡ್ಡಿಲ್ಲಾಗಿತ್ತು" ಎಂದರು.

ಯಜಮಾನರು ಬಂದವರು ಗೋಡೆಯ ಮೇಲೆ ಬೆರಳಾಡಿಸಿ ನೋಡಿದರು. "ತಂಗಿ, ಬಣ್ಣ ಬಳಿಲಿಕ್ಕೆ ಯಾರನ್ನ ಕೇಳಿದ್ರಿ?"

ಬಳಿದದ್ದಲ್ಲ, ತೊಳೆದದ್ದು ಎಂದೆ.

"ತೊಳೆದ್ರೆ ಬಣ್ಣ ಹೋಗ್ತದೆ. ಬರೂದು ಎಲ್ಲಾದ್ರೂ ಉಂಟಾ?"

ನಮ್ಮವರು ನಾರು ತೆಗೆದುಕೊಂಡು ಅವರ ಎದುರೇ ಪಕ್ಕದ ಜಾಗವನ್ನು ತಿಕ್ಕಿದರು. ಅಲ್ಲೂ ಹಸಿರು ಬಂತು. ಯಜಮಾನರು ಗಾಬರಿಯಿಂದ ಅವರ ಕೈ ಹಿಡಿದರು. "ಆತು, ಆತು. ಮತ್ತೂ ಬಳಿಬೇಡಿ."

ಮೊದಲಿನಂತೆ ಮಾಡಿಕೊಡಬೇಕೆಂದು ಅಪ್ಪಣೆಯಾಯಿತು. ಶುಭ್ರವಾದ ಗೋಡೆಯನ್ನು ಕೊಳೆ ಮಾಡುವುದು ನಮಗ್ಯಾರಿಗೂ ತಿಳಿಯದು. ಚಿಮಣಿ ದೀಪ ಹಿಡಿದು ಹೊಗೆ ತಾಗಿಸಿದೆವು; ಬೂದಿಯಾಗದೆ ಕಪ್ಪಾಯಿತು, ಮತ್ತೆ ತೊಳೆದೆವು. ಮಾವ ತಾವೇ ಸರಿಮಾಡುತ್ತೇನೆಂದು ತಲೆಗೆ ಇನ್ನಷ್ಟು ಎಣ್ಣೆ ಹಾಕಿಕೊಂಡು, ಫೋಟೊ ತೆಗೆಸುವವರಂತೆ ನೆಟ್ಟಗೆ ಕೂತು, ಜಾಗ ಬದಲಿಸುತ್ತ ಒರಗಿದರು. ಹಸಿರಿಗೆ ಹೊಳಪು ಬಂತೇ ಹೊರತು ಮಂಕಾಗಲಿಲ್ಲ.

ಮರುದಿನ ಬೆಳಿಗ್ಗೆ ಆಚೆ ಪಾಲಿನಿಂದ ಕರಕರ ತಿಕ್ಕುವ ಸದ್ದು. ಮಧ್ಯಾಹ್ನದ ಹೊತ್ತಿಗೆ ಯಜಮಾನರು ನಮ್ಮ ಮೂವರನ್ನೂ ಕರೆದರು. ಮೈತುಂಬ ಧೂಳು, ಕೈಯಲ್ಲಿ ತೆಂಗಿನ ನಾರು. ಅವರ ಗೋಡೆಗೆ ಬಳಿದಿದ್ದದ್ದು ಬರೀ ಬೂದಿ ಬೆರೆಸಿದ ಸುಣ್ಣ. ಅದು ಉದುರಿ, ಗಾರೆ ಉದುರಿ, ಒಳಗಿನ ಕೆಮ್ಮಣ್ಣೂ ಅರ್ಧ ನೆಲಕ್ಕೆ ಬಂದಿತ್ತು. ಕೊಡಪಾನ ಹಿಡಿಸುವಷ್ಟು ಗುಂಡಿ.

"ನೋಡಿ," ಎಂದರು ಗೆದ್ದ ಸ್ವರದಲ್ಲಿ. "ಎಲ್ಲುಂಟು ಹಸಿರು?"

ನಮ್ಮವರು ಗುಂಡಿಯೊಳಗೆ ಬಗ್ಗಿ ನೋಡಿ, ಇಲ್ಲ ಎಂದು ಒಪ್ಪಿಕೊಂಡರು. ಬೇರೆ ಏನು ಹೇಳಲಿಕ್ಕಾಗುತ್ತದೆ? ನಾವು ಬಣ್ಣ ಬಳಿದವರೆಂದು ಅಲ್ಲಿಗೆ ತೀರ್ಮಾನವಾಯಿತು. ನನಗೆ ನಗುವೂ ಅಳುವೂ ಒಟ್ಟಿಗೆ ಬಂದು, ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಬಂದೆ.

ಮಾವನಿಗೆ ಮಾತ್ರ ಗುಂಡಿ ನೋಡಿ ಕನಿಕರವಾಯಿತು. ಮಣ್ಣು ಕಲಸಿ ತಾವೇ ಮುಚ್ಚಿಕೊಟ್ಟರು. ಆ ಕೆಲಸದ ನೆಪದಲ್ಲಿ ಇಬ್ಬರಿಗೂ ಸ್ನೇಹವಾಗಿ, ಮಾವ ಮಧ್ಯಾಹ್ನದ ನಿದ್ದೆಯನ್ನು ಆಚೆ ಪಾಲಿಗೇ ಬದಲಿಸಿದರು. ಅಲ್ಲಿಯೂ ಒರಗುತ್ತಿದ್ದರು, ಯಜಮಾನರು ಚಕಾರ ಎತ್ತಲಿಲ್ಲ.

ಮುಂದೆ ಭಟ್ಕಳಕ್ಕೆ ವರ್ಗವಾಯಿತು. ಕೆಲವು ವರ್ಷ ಬಿಟ್ಟು, ಶಿರಾಲಿಯ ಒಂದು ಮದುವೆಯಲ್ಲಿ ಅದೇ ಮನೆಯಲ್ಲಿ ಬಾಡಿಗೆಗಿದ್ದ ಹೆಂಗಸೊಬ್ಬಳು ಸಿಕ್ಕಳು. ಗೋಡೆಯ ಸುದ್ದಿ ಕೇಳಿದೆ. ಇಡೀ ಗೋಡೆ ಹಸಿರಾಗಿದೆಯಂತೆ. ಹಿಂದೆ ಇದ್ದವರು ಒಂದು ತುಂಡು ಬಳಿದು ಅರ್ಧಕ್ಕೆ ಬಿಟ್ಟು ಹೋದರು, ಉಳಿದದ್ದನ್ನು ತಾನೇ ಸೋಡಾನೀರು ಹಾಕಿ ಬಳಿದು ಮುಗಿಸಿದೆ ಎಂದು ಯಜಮಾನರು ಹೇಳುತ್ತಾರಂತೆ.

ಬಣ್ಣ ಚೆನ್ನಾಗಿ ಬಂದಿದೆಯಾ ಎಂದು ಕೇಳಿದೆ. ಬಹಳ ಚೆನ್ನಾಗಿದೆ ಎಂದಳು.